‘ಯಾ’ ಪೆಟ್ಟಿಗೆಯಲ್ಲಿ ಇಲ್ಲದ ಹಾಡು

ಬೆಳಗಿನ ನಾಲ್ಕು ಗಂಟೆ. ಸೂರ್ಯ ಹುಟ್ಟಿರಬೇಕು, ಆದರೆ ಮಂಜು ಅವನನ್ನು ಒಳಗೆ ಬಿಟ್ಟುಕೊಂಡಿಲ್ಲ. ಇವಾದೊಮರಿ ಬಂದರಿನ ಮೀನುಗಾರರ ಸಂಘದ ಎರಡನೇ ಮಹಡಿಯಲ್ಲಿ ಒಂದೇ ಒಂದು ಕಿಟಕಿಗೆ ದೀಪವಿದೆ. ಸಸಮೊರಿ ಮಿಯೆ ಕೋಟು ಬಿಚ್ಚದೆ ಕುರ್ಚಿಯಲ್ಲಿ ಕೂತು, ಯಂತ್ರದ ಗುಂಡಿ ಒತ್ತಿ, ಅದು ಬಿಸಿಯಾಗುವವರೆಗೆ ಎರಡೂ ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಳ್ಳುತ್ತಾರೆ. ಜೂನ್ ತಿಂಗಳಾದರೂ ಚಳಿ ಬಿಟ್ಟಿಲ್ಲ. ಮೂರು ದಿನದಿಂದ ಯಾಮಾಸೆ ಬೀಸುತ್ತಿದೆ. ಪೂರ್ವದ ಕಡಲಿನಿಂದ ಮಂಜು ಹೊತ್ತು ತರುವ ಈ ಗಾಳಿ ಬಂತೆಂದರೆ ಭತ್ತದ ಸಸಿ ಏಳುವುದಿಲ್ಲ, ಹಾಕಿದ ಬಟ್ಟೆ ಒಣಗುವುದಿಲ್ಲ, ವಯಸ್ಸಾದವರ ಮಂಡಿ ಮಡಚುವುದಿಲ್ಲ.

ನಾಲ್ಕೂವರೆಗೆ ಸರಿಯಾಗಿ ಮಿಯೆ ಗಂಟಲು ಸರಿಮಾಡಿಕೊಂಡು ಮೈಕಿನ ಮುಂದೆ ಬಾಗುತ್ತಾರೆ. “ಎದ್ದಿದ್ದೀರಾ? ಗಾಳಿ ಪೂರ್ವದ್ದು. ಅಲೆ ಎರಡು ಮೀಟರ್. ಮಂಜು ಮಧ್ಯಾಹ್ನದವರೆಗೂ ಬಿಡೋ ಹಂಗಿಲ್ಲ. ದೋಣಿ ಇಳಿಸೋರು ಇನ್ನೊಂದು ಸ್ವೆಟರ್ ಹಾಕ್ಕೊಳ್ಳಿ, ಶೋಕಿ ಮಾಡ್ಬೇಡಿ.” ಆ ಮಾತು ತಂತಿಯಲ್ಲಿ ಹರಿದುಹೋಗಿ, ಊರಿನ ಅಡುಗೆಮನೆಗಳ ಗೋಡೆಗೆ ಹೊಡೆದ ಮರದ ಪೆಟ್ಟಿಗೆಗಳಿಂದ ಹೊರಗೆ ಬರುತ್ತದೆ. ಅದರ ಬೆನ್ನಿಗೇ ಮೂರು ಹಾಡು. ಮಿಯೆ ಈ ಕೆಲಸಕ್ಕೆ ಸೇರಿದ ವರ್ಷ ಅಂಥ ಪೆಟ್ಟಿಗೆ ಇದ್ದ ಮನೆಗಳು ಸಾವಿರದ ನೂರ ನಲವತ್ತು. ಈಗ ಉಳಿದಿರುವುದು ನೂರ ಎಂಬತ್ತೇಳು. ಅವುಗಳಲ್ಲೂ ಎಷ್ಟು ಮನೆಯಲ್ಲಿ ಕೇಳುವ ಕಿವಿ ಇದೆ ಎನ್ನುವುದನ್ನು ಆಕೆ ಲೆಕ್ಕ ಹಾಕಲು ಹೋಗುವುದಿಲ್ಲ.

ಈ ತಿಂಗಳ ಮೂವತ್ತಕ್ಕೆ ಈ ತಂತಿ ಸತ್ತುಹೋಗುತ್ತದೆ. ಕಟ್ಟಡ ಕೆಡವುತ್ತಾರೆ. ಬೆನ್ನ ಹಿಂದಿನ ಕೋಣೆಯಲ್ಲಿರುವ ಒಂಬತ್ತು ಸಾವಿರದ ಮುನ್ನೂರು ರೆಕಾರ್ಡುಗಳನ್ನು ದೂರದ ನಗರದ ಒಂದು ಸಂಗ್ರಹಾಲಯ ತೆಗೆದುಕೊಳ್ಳಲು ಒಪ್ಪಿದೆ. ಆದರೆ ಅವರದೊಂದು ಕರಾರು. ಪ್ರತಿ ಹಾಡಿನ ಹೆಸರನ್ನು ಬಾಯಲ್ಲಿ ಹೇಗೆ ಹೇಳುತ್ತಾರೋ ಹಾಗೆ ಬರೆದಿರಬೇಕು, ಹಾಡಿನ ಮೊದಲ ಸಾಲೂ ಇರಬೇಕು. ಇಲ್ಲದ್ದು ಕಸಕ್ಕೆ. ಹಾಗಾಗಿ ಮಾರ್ಚಿನಿಂದ ಈಚೆಗೆ ಮಿಯೆ ಪ್ರಸಾರ ಮುಗಿಸಿ ಮನೆಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಒಂದೊಂದೇ ರೆಕಾರ್ಡನ್ನು ತಟ್ಟೆಯ ಮೇಲಿಟ್ಟು, ಅರ್ಧ ನಿಮಿಷ ಕೇಳಿ, ಬರೆದು, ಎತ್ತಿಡುತ್ತಾರೆ. ದಿನಕ್ಕೆ ಎಂಬತ್ತು, ತೊಂಬತ್ತು. ಆಕೆಗೀಗ ಅರವತ್ತೊಂಬತ್ತು ವರ್ಷ.

ಕೋಣೆಯಲ್ಲಿ ಗೋಡೆಯುದ್ದಕ್ಕೂ ಮರದ ಪೆಟ್ಟಿಗೆಗಳು, ಅಕ್ಷರಕ್ಕೊಂದು. ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ ಹೀಗೆ. ಹಾಡಿನ ಹೆಸರು ಯಾವ ಅಕ್ಷರದಿಂದ ಶುರುವಾಗುತ್ತದೋ ಆ ಪೆಟ್ಟಿಗೆಗೆ ಆ ಹಾಡು. ‘ನು’ ಪೆಟ್ಟಿಗೆಯಲ್ಲಿ ಏಳೇ ಏಳು ಇವೆ. ‘ರು’ದಲ್ಲಿ ಹನ್ನೊಂದು. ‘ಯಾ’ದಲ್ಲಿ ಇನ್ನೂರ ಹನ್ನೆರಡು. “ಅಕ್ಷರಕ್ಕೂ ಹಣೆಬರಹ ಅಂತ ಇರುತ್ತೆ ನೋಡಿ,” ಎನ್ನುತ್ತಾರೆ ಮಿಯೆ. “ಬೆಟ್ಟಕ್ಕೆ ಯಾಮಾ, ಕಾಯಿಲೆಗೆ ಯಾಮಾಯ್, ಕೊಟ್ಟ ಮಾತಿಗೆ ಯಾಕುಸೊಕು. ಬೆಟ್ಟ ದಾಟಿ ಹೋದೋರು, ಹಾಸಿಗೆ ಹಿಡಿದೋರು, ಮಾತಿಗೆ ತಪ್ಪಿದೋರು, ಎಲ್ಲಾ ‘ಯಾ’ದಲ್ಲೇ ಬಂದು ಬಿದ್ದಿದಾರೆ. ಆ ಪೆಟ್ಟಿಗೆ ತೆಗೆದ್ರೆ ಮನಸ್ಸು ಮಂಕಾಗುತ್ತೆ.”

ಆದರೂ ಮಾರ್ಚಿನಲ್ಲಿ ಆಕೆ ಎಲ್ಲಕ್ಕಿಂತ ಮೊದಲು ತೆಗೆದದ್ದು ಅದೇ ಪೆಟ್ಟಿಗೆಯನ್ನು. ಇನ್ನೂರ ಹನ್ನೆರಡನ್ನೂ ತಿರುವಿ ಹಾಕಿದರು. ಹುಡುಕಿದ ಹಾಡು ಸಿಗಲಿಲ್ಲ. ಆಮೇಲೆ ಚಿಕ್ಕ ಪೆಟ್ಟಿಗೆಗಳನ್ನು ಮುಗಿಸಿ, ಈಗ ಕೈಗೆ ಹೆದರಿಕೆ ಹುಟ್ಟಿಸುವ ದೊಡ್ಡವುಗಳಿಗೆ ಬಂದಿದ್ದಾರೆ. ಇವತ್ತು ‘ಕೊ’, ಆರುನೂರ ಮೂವತ್ತು ರೆಕಾರ್ಡುಗಳ ಪೆಟ್ಟಿಗೆ, ಅರ್ಧ ಮುಗಿದಿದೆ.

ಹುಡುಕುತ್ತಿರುವುದು ಮಿಕಾಮಿ ಹಿಸಾನೊ ಅವರ ಹಾಡನ್ನು. ಹಿಸಾನೊಗೆ ಎಂಬತ್ತಾರು. ಬಂದರಿನ ಚಿಪ್ಪುಮೀನಿನ ಷೆಡ್ಡಿನಲ್ಲಿ ಈಗಲೂ ದಿನಾ ಬೆಳಿಗ್ಗೆ, ಕಡಲಲ್ಲಿ ಇಳಿಬಿಟ್ಟು ಬೆಳೆಸುವ ಮರಿಚಿಪ್ಪುಗಳನ್ನು ಹಗ್ಗಕ್ಕೆ ಪೋಣಿಸುತ್ತಾರೆ. ಆಕೆಯ ಗಂಡ ತೊಮೆಜಿ ಮೂರು ಚಳಿಗಾಲ ತೋಕಿಯೊಗೆ ಸುರಂಗ ತೋಡುವ ಕೂಲಿಗೆ ಹೋಗಿದ್ದ. ದನಿ ಚೆನ್ನಾಗಿತ್ತು. ಮೂರನೇ ಚಳಿಗಾಲದಲ್ಲಿ ಜೊತೆಯವರು ಹುರಿದುಂಬಿಸಿ, ಒಂದು ಸಣ್ಣ ಅಂಗಡಿಯಲ್ಲಿ ಅವನ ಕೈಲಿ ಒಂದು ಹಾಡು ಹಾಡಿಸಿ ರೆಕಾರ್ಡು ಮಾಡಿಸಿದರು. ‘ಯಾಮಾಸೆ ನೊ ತೊ’, ಯಾಮಾಸೆಯ ಬಾಗಿಲು. ಊರಿಗೆ ಒಂದೇ ಪ್ರತಿ ತಂದ. ಮನೆಯಲ್ಲಿ ರೆಕಾರ್ಡು ಹಾಕುವ ಯಂತ್ರ ಇರಲಿಲ್ಲ, ಅಡುಗೆಮನೆಯ ಪೆಟ್ಟಿಗೆಯಲ್ಲಾದರೂ ಕೇಳಬಹುದೆಂದು ಹಿಸಾನೊ ಅದನ್ನು ಸಂಘಕ್ಕೆ ಕೊಟ್ಟರು. ಮುಂದಿನ ಅಕ್ಟೋಬರಿನಲ್ಲಿ ತೊಮೆಜಿ ಕಡಲಿಗೆ ಹೋದವನು ಬರಲಿಲ್ಲ. ಹೆಣವೂ ಸಿಗಲಿಲ್ಲ. ಆಗ ಅವನಿಗೆ ಮೂವತ್ತೇಳು.

ಆಮೇಲೆ ಹನ್ನೆರಡು ವರ್ಷ, ಹಿಂದಿನ ಪ್ರಸಾರಕರು ಅವನು ಹೋದ ದಿನ ಬಂದಾಗಲೆಲ್ಲ ಆ ಹಾಡು ಹಾಕಿದರು. ಅವರು ತೀರಿಹೋದ ಮೇಲೆ ಮಿಯೆ ಬಂದರು. ಬಂದ ಮೊದಲ ಅಕ್ಟೋಬರಿನಲ್ಲೇ ಹಿಸಾನೊ ಫೋನು ಮಾಡಿ ಕೇಳಿದರು. ಮಿಯೆ ‘ಯಾ’ ಪೆಟ್ಟಿಗೆ ನೋಡಿ, “ಇಲ್ಲ ಅಕ್ಕಾ, ಅಂಥ ಹಾಡು ಇಲ್ಲ,” ಅಂದರು. ಮರುವರ್ಷವೂ ಅದೇ. ಹೀಗೆ ಮೂವತ್ತೆಂಟು ಅಕ್ಟೋಬರ್ ಕಳೆದಿವೆ. ಒಮ್ಮೆಯೂ ಹಿಸಾನೊ ದನಿ ಏರಿಸಿದವರಲ್ಲ. “ಹೋಗ್ಲಿ ಬಿಡು, ಬರೋ ವರ್ಷ ನೋಡಿದ್ರಾಯ್ತು” ಎಂದು ಫೋನು ಇಡುತ್ತಿದ್ದರು.

ಹಿಸಾನೊಗೆ ಎಡಗಿವಿ ಹೋಗಿ ಬಹಳ ಕಾಲವಾಗಿತ್ತು. ಬಲಗಿವಿಯೂ ಸೋಲುತ್ತಿದೆಯೆಂದು ಡಾಕ್ಟರು ಹೇಳಿದ್ದರು. ಮಿಯೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪೆಟ್ಟಿಗೆಗಳನ್ನು ಜಾಲಾಡಿದ್ದು ಅದಕ್ಕೇ. ಮೇ ತಿಂಗಳ ಮೊದಲ ವಾರ, ಚೆರ್ರಿ ಹೂವು ಉದುರುವ ಹೊತ್ತಿಗೆ, ಬಲಗಿವಿಯೂ ಮುಚ್ಚಿತು. ಮಿಯೆ ನೋಡಲು ಹೋದಾಗ ಹಿಸಾನೊ ತಾವಾಗಿಯೇ ಮಾತು ತೆಗೆದರು. “ಇನ್ನು ಹಾಡು ಬೇಡ ಕಣೆ. ಆದ್ರೆ ಇತ್ತು ಅನ್ನೋದೊಂದು ಗೊತ್ತಾಗ್ಬೇಕು. ನೀನು ಓದ್ಕೊಂಡೋಳು, ಇಷ್ಟು ವರ್ಷ ಇಲ್ಲ ಇಲ್ಲ ಅಂತ ಹೇಳ್ತಿದ್ರೆ, ನನಗೇ ಅನುಮಾನ ಬಂದ್ಬಿಟ್ಟಿದೆ. ಅವನು ಹಾಡಿದ್ದು ನಿಜವೋ, ನಾನೇ ಕಟ್ಕೊಂಡಿದ್ದೋ.”

“ಓದ್ಕೊಂಡೋಳು” ಎಂಬ ಮಾತಿಗೆ ಹಿನ್ನೆಲೆಯಿದೆ. ಮಿಯೆ ಕಡಲಿನವರಲ್ಲ. ಬೆಟ್ಟದಾಚೆ ಸೇಬು ಬೆಳೆಯುವ ಊರಿನ ಶಾಲಾ ಮೇಷ್ಟರ ಮಗಳು. ತಂದೆ ಹಳೆಯ ಕವಿತೆಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಇಲ್ಲಿಯ ಬರವಣಿಗೆಯಲ್ಲಿ ಒಂದೇ ಚಿತ್ರಾಕ್ಷರವನ್ನು ನಾಲ್ಕಾರು ಬಗೆಯಲ್ಲಿ ಓದಬಹುದು. ಅದರಲ್ಲೂ ಹಾಡು ಬರೆಯುವವರದು ದೊಡ್ಡ ಕಾಟ. ‘ಊರು’ ಎಂದು ಬರೆದು ‘ತವರು’ ಎಂದು ಹಾಡಿಸುತ್ತಾರೆ. ಮಿಯೆ ಮೂವತ್ತೊಂದನೇ ವಯಸ್ಸಿನಲ್ಲಿ ಬಲೆ ಹೆಣೆಯುವವನ ಎರಡನೇ ಹೆಂಡತಿಯಾಗಿ ಇಲ್ಲಿಗೆ ಬಂದಾಗ, ಸಂಘಕ್ಕೆ ಬೇಕಾಗಿದ್ದದ್ದು ಇಂಥ ಹೆಸರುಗಳನ್ನು ತಪ್ಪಿಲ್ಲದೆ ಓದುವವರು. ಆ ವರ್ಷ ಸೂರು ಸೋರಿ ಒಂದು ಕಪಾಟು ಪೂರ್ತಿ ನೆಂದುಹೋಗಿತ್ತು. ಮುನ್ನೂರು ರೆಕಾರ್ಡುಗಳ ಹೊದಿಕೆಗಳನ್ನು ಎಸೆದು, ನಡುವೆ ಅಂಟಿಸಿದ ಚೀಟಿ ನೋಡಿಯೇ ಮಿಯೆ ಎಲ್ಲವನ್ನೂ ಹೊಸದಾಗಿ ಅಕ್ಷರವಾರು ಜೋಡಿಸಿದರು. ಊರು ಮೂಗಿನ ಮೇಲೆ ಬೆರಳಿಟ್ಟುಕೊಂಡಿತು. ಅಂದಿನಿಂದ ಶವಸಂಸ್ಕಾರಕ್ಕೆ ಬಂದವರ ಪಟ್ಟಿಯಿರಲಿ, ದೋಣಿಯ ಹೆಸರಿರಲಿ, ಓದುವುದು ಹೇಗೆಂದು ಗೊತ್ತಾಗದಿದ್ದರೆ “ಮಿಯೆನ ಕೇಳಿ” ಎನ್ನುವುದು ರೂಢಿಯಾಯಿತು.

“ಜಂಬ ಇತ್ತು ನನಗೆ,” ಎಂದು ಆಕೆ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. “ಗಂಡ ಹನ್ನೊಂದು ವರ್ಷ ಹಾಸಿಗೆ ಮೇಲಿದ್ದ, ಹೋದ. ಮಕ್ಕಳಿಲ್ಲ. ಕಡಲಿನ ಕೆಲಸ ಕೈಗೆ ಹತ್ತಲಿಲ್ಲ, ಚಿಪ್ಪು ಬಿಡಿಸೋಕೆ ಕೂತ್ರೆ ಎಲ್ಲಾರೂ ನಗೋರು. ಇದೊಂದು ಬರ್ತಿತ್ತು. ಇದೊಂದ್ರಲ್ಲಾದ್ರೂ ನಾನೇ ಸರಿ ಅಂದ್ಕೊಂಡಿದ್ದೆ.”

ಆರೂಕಾಲಿಗೆ ಬಿಸಿನೀರಿಗೆ ಸೋಯಾ ಹುದುಗಿಸಿದ ಮಿಸೊ ಕದಡಿ ಕುಡಿದು, ತಣ್ಣನೆಯ ಅನ್ನದುಂಡೆ ತಿಂದು, ಮಿಯೆ ಮತ್ತೆ ‘ಕೊ’ ಪೆಟ್ಟಿಗೆಯ ಮುಂದೆ ಕೂರುತ್ತಾರೆ. ಇವತ್ತಿನ ಇಪ್ಪತ್ತೆರಡನೆಯದು, ಇಪ್ಪತ್ತಮೂರನೆಯದು. ಇಪ್ಪತ್ತನಾಲ್ಕನೆಯದಕ್ಕೆ ಹೊದಿಕೆಯಿಲ್ಲ, ಬರಿಯ ಕಂದು ಕಾಗದದ ಚೀಲ. ಚೀಟಿಯ ಕೆಳಗಿನ ಅರ್ಧ ಎದ್ದುಹೋಗಿ ಹಾಡಿದವರ ಹೆಸರಿಲ್ಲ. ಉಳಿದಿರುವುದು ಹಾಡಿನ ಹೆಸರಷ್ಟೇ: ‘ಪೂರ್ವ’ದ ಅಕ್ಷರ, ‘ಗಾಳಿ’ಯ ಅಕ್ಷರ, ಕೊನೆಗೆ ‘ಬಾಗಿಲು’. ಜೊತೆಯ ಕಾರ್ಡಿನಲ್ಲಿ ಮಿಯೆಯ ಮೊದಲ ವರ್ಷದ ದುಂಡು ಕೈಬರಹ: ‘ಕೊಚಿ ನೊ ತೊ’. ಹಳೆಯ ಕವಿತೆಗಳಲ್ಲಿ ಪೂರ್ವದ ಗಾಳಿಗೆ ಕೊಚಿ ಎಂದೇ ಹೆಸರು. ಹಿಮ ಕರಗಿಸಿ ಹೂ ಅರಳಿಸುವ ವಸಂತದ ತಂಗಾಳಿ. ಯಾವುದೋ ಹಳೆಯ ಕಾಲದ ಹೂವಿನ ಹಾಡಿರಬೇಕೆಂದು ಅಂದು ಒಳಗೆ ಸೇರಿಸಿದ್ದು. ಯಾರೂ ಆ ಹೆಸರಿನ ಹಾಡು ಬೇಕೆಂದು ಕೇಳಿರಲಿಲ್ಲ, ಆಕೆಯೂ ಹಾಕಿರಲಿಲ್ಲ.

ಮುಳ್ಳು ಇಳಿಯುತ್ತದೆ. ಸ್ವಲ್ಪ ಹೊತ್ತು ಕರಕರ ಸದ್ದು, ಆಮೇಲೆ ಅಕಾರ್ಡಿಯನ್, ಆಮೇಲೆ ಒಬ್ಬ ಗಂಡಸಿನ ದನಿ. ಈ ಬಂದರಿನವರ ಹಾಗೆಯೇ ಮಾತಿನ ಕೊನೆಯನ್ನು ನುಂಗಿ ಹಾಡುತ್ತದೆ.

“ಯಾಮಾಸೆ ಬಂದರೂ ಬಾಗಿಲಿಗೆ ಅಗುಳಿ ಹಾಕಬೇಡ...”

ಮಿಯೆ ಮುಳ್ಳನ್ನು ಎತ್ತಿಬಿಡುತ್ತಾರೆ. ಹೊರಗೆ ಅದೇ ಗಾಳಿ ಕಿಟಕಿಯ ಚೌಕಟ್ಟನ್ನು ಅಲ್ಲಾಡಿಸುತ್ತಿದೆ. ಪೂರ್ವದ ಗಾಳಿಯೆಂದರೆ ಈ ದಡದವರ ಬಾಯಲ್ಲಿ ಯಾಮಾಸೆಯೇ ಹೊರತು ಇನ್ನೇನೂ ಆಗಲು ಸಾಧ್ಯವಿಲ್ಲ. ದಿನಾ ಬೆಳಿಗ್ಗೆ ಮೈಕಿನಲ್ಲಿ ಅದರ ಸುದ್ದಿ ಹೇಳುವವರೂ ಆಕೆಯೇ. ಹೆಚ್ಚು ಓದಿಲ್ಲದ ಒಬ್ಬ ಮೀನುಗಾರ ಈ ಚೀಟಿ ನೋಡಿದ್ದರೂ ಸರಿಯಾಗಿ ಓದುತ್ತಿದ್ದ. ‘ಯಾ’ ಪೆಟ್ಟಿಗೆಗೂ ‘ಕೊ’ ಪೆಟ್ಟಿಗೆಗೂ ನಡುವೆ ಇರುವುದು ನಾಲ್ಕು ಹೆಜ್ಜೆ. ಆಕೆ ಎದ್ದು ಆ ನಾಲ್ಕು ಹೆಜ್ಜೆ ನಡೆದು, ಹಿಂದಿರುಗಿ, ಮತ್ತೆ ಕೂರುತ್ತಾರೆ.

ಎಂಟು ಗಂಟೆಗೆ ಸಂಘದ ಮೇಲ್ವಿಚಾರಕ ಹೊಕಾರಿ ಬರುತ್ತಾರೆ. ಐವತ್ತರ ಆಸುಪಾಸಿನ, ಹೊಟ್ಟೆ ಮುಂದೆ ಬಿಟ್ಟುಕೊಂಡು ನಗುವ ಮನುಷ್ಯ. ಮಿಯೆ ಕಾರ್ಡನ್ನೂ ರೆಕಾರ್ಡನ್ನೂ ಮೇಜಿನ ಮೇಲಿಟ್ಟು ವಿಷಯ ಹೇಳುತ್ತಾರೆ. ಹೊಕಾರಿ ಕನ್ನಡಕ ಹಣೆಗೇರಿಸಿ ಚೀಟಿ ನೋಡಿ, “ಯಾಮಾಸೆ ನೊ ತೊ” ಎಂದು ತಡವರಿಸದೆ ಓದುತ್ತಾರೆ. ಆಮೇಲೆ ಮಿಯೆಯ ಮುಖ ನೋಡಿ ಅವರ ನಗು ಇಳಿಯುತ್ತದೆ.

“ಕಪಾಟಿನ ಹಿಂದೆ ಬಿದ್ದಿತ್ತು ಅಂತ ಹೇಳ್ಬಿಡಿ ಮಿಯೆ-ಸಾನ್. ಖಾಲಿ ಮಾಡೋವಾಗ ಸಿಕ್ತು ಅಂತ. ಯಾರಿಗೆ ಗೊತ್ತಾಗುತ್ತೆ?”

“ನನಗೆ ಗೊತ್ತಲ್ಲ.”

“ಈ ವಯಸ್ಸಲ್ಲಿ ಆಯಮ್ಮಂಗೆ ಯಾಕೆ ನೋವು ಕೊಡ್ತೀರಿ? ಸಿಕ್ತು ಅನ್ನೋದು ಸಾಕು. ಹೇಗೆ ಸಿಕ್ತು ಅನ್ನೋದು ಕಟ್ಕೊಂಡು ಏನಾಗ್ಬೇಕು?”

“ಹಿಂದೆ ಬಿದ್ದಿತ್ತು ಅಂದ್ರೆ ತಪ್ಪು ಕಪಾಟಿಂದಾಗುತ್ತೆ,” ಎನ್ನುತ್ತಾರೆ ಮಿಯೆ. “ಮೂವತ್ತೆಂಟು ವರ್ಷ ಇಲ್ಲ ಅಂದಿದ್ದು ಕಪಾಟಲ್ಲ, ನಾನು.”

ಹೊಕಾರಿ ಕೆಳಗಿನ ಕೋಣೆಯಿಂದ ಕೈಯಲ್ಲಿ ಹಿಡಿದೊಯ್ಯುವ ಹಳೆಯ ರೆಕಾರ್ಡು ಯಂತ್ರವನ್ನು ತಂದು, ಧೂಳು ಒರೆಸಿ, ಮಿಯೆಯ ಮುಂದೆ ಇಡುತ್ತಾರೆ.

ಷೆಡ್ಡಿನಲ್ಲಿ ಒಲೆಯ ಸುತ್ತ ಆರು ಜನ ಹೆಂಗಸರು ತಗ್ಗು ಪೆಟ್ಟಿಗೆಗಳ ಮೇಲೆ ಕೂತಿದ್ದಾರೆ. ರಬ್ಬರು ಅಂಗಿ, ತಲೆಗೆ ಬಟ್ಟೆ. ಬೆರಳುಗಳು ಚಿಪ್ಪಿನ ಕಿವಿಯಂಥ ಅಂಚಿಗೆ ತೂತು ಕೊರೆದು ಹಗ್ಗಕ್ಕೆ ಸೇರಿಸುತ್ತಿವೆ. ಬಾಯಿ ಬೇರೆ ಕೆಲಸದಲ್ಲಿದೆ. ಮಿಯೆ ಯಂತ್ರ ಹೊತ್ತುಕೊಂಡು ಒಳಗೆ ಬಂದದ್ದನ್ನು ನೋಡಿ ಒಬ್ಬಾಕೆ, “ಏನು, ತಂತಿ ಕಿತ್ತಾಕೋಕ್ಮುಂಚೆ ಮನೆಮನೆಗೂ ಬಂದು ಹಾಡೋ ಹಂಗಾಯ್ತಾ?” ಎಂದು ಕೆಣಕುತ್ತಾಳೆ. ಇನ್ನೊಬ್ಬಾಕೆ, “ಚಿಪ್ಪು ಪೋಣಿಸೋಕೆ ಬಂದಿದ್ರೆ ವಾಪಸ್ ಹೋಗಮ್ಮ, ಹೋದ್ಸಲ ನಿಂದು ಬಿಚ್ಚಿ ಕಟ್ಟೋಕೆ ಎರಡು ದಿನ ಹಿಡೀತು” ಎನ್ನುತ್ತಾಳೆ. ನಗು ಏಳುತ್ತದೆ. ಹಿಸಾನೊಗೆ ನಗುವೂ ಕೇಳಿಸುವುದಿಲ್ಲ. ಆಕೆ ತಲೆ ತಗ್ಗಿಸಿಕೊಂಡು ಪೋಣಿಸುತ್ತಲೇ ಇದ್ದಾರೆ.

ಮಿಯೆ ಎದುರಿಗೆ ಹೋಗಿ ಮಂಡಿಯೂರುತ್ತಾರೆ. ಒದ್ದೆ ನೆಲ. ಹಿಸಾನೊ ಕೈಗವಸು ತೆಗೆಯುವವರೆಗೆ ಕಾದು, ಮೊದಲು ರೆಕಾರ್ಡನ್ನು ಕೊಡುತ್ತಾರೆ. ಹಿಸಾನೊ ಅದನ್ನು ಬೆಳಕಿಗೆ ಹಿಡಿಯುತ್ತಾರೆ. ತುಟಿ ಅಲ್ಲಾಡುತ್ತದೆ. “ಯಾಮಾಸೆ,” ಎನ್ನುತ್ತಾರೆ, ಕಿವುಡರ ಎತ್ತರದ ದನಿಯಲ್ಲಿ.

ಆಗ ಮಿಯೆ ಕಾರ್ಡನ್ನೂ ಕೊಡುತ್ತಾರೆ. ಅದರ ಮೇಲಿನ ತನ್ನ ಕೈಬರಹವನ್ನು ಬೆರಳಿಟ್ಟು ತೋರಿಸಿ, ಬೆರಳನ್ನು ತನ್ನ ಎದೆಗೆ ಒತ್ತಿಕೊಳ್ಳುತ್ತಾರೆ. ಹಿಸಾನೊ ಕಾರ್ಡನ್ನು ದೂರ ಹಿಡಿದು, ಹತ್ತಿರ ಹಿಡಿದು, ನಿಧಾನವಾಗಿ ಓದುತ್ತಾರೆ.

“ಕೊ... ಚಿ.”

ಮಿಯೆ ಹಣೆಯನ್ನು ನೆಲಕ್ಕೆ ಮುಟ್ಟುವಷ್ಟು ಬಾಗಿದ್ದಾರೆ. ಬೈದರೆ ಬೈಸಿಕೊಳ್ಳಲು, ಚಿಪ್ಪು ಎತ್ತಿ ಎಸೆದರೆ ಏಟು ತಿನ್ನಲು ತಯಾರಾಗಿಯೇ ಬಂದಿದ್ದಾರೆ. ತಲೆಯ ಮೇಲಿನಿಂದ ಮಾತು ಬರುತ್ತದೆ.

“ಸೇಬಿನ ಊರೋಳು ನೀನು. ನಿಮ್ಮ ಕಡೆ ಪೂರ್ವದ ಗಾಳಿ ಅಂದ್ರೆ ಹೂವಾ?” ಹಿಸಾನೊ ಕಾರ್ಡನ್ನು ಮಡಿಲಲ್ಲಿಟ್ಟುಕೊಂಡು, “ನಮ್ಮ ಹಾಡು ಎಲ್ಲೋಗಿ ಕೂತಿತ್ತು ನೋಡು. ಎರಡು ತಿಂಗಳು ಮುಂಚೆ ತಂದಿದ್ರೆ ಕೇಳಿಸ್ಕೊಳ್ತಿದ್ದೆ ಕಣೆ,” ಎನ್ನುತ್ತಾರೆ. ಸಿಟ್ಟಿನ ಮಾತಲ್ಲ ಅದು. ಸಿಟ್ಟಾಗಿದ್ದರೆ ಮಿಯೆಗೆ ಸಹಿಸುವುದು ಸುಲಭವಾಗುತ್ತಿತ್ತು. ಮಿಯೆ ಬಿಕ್ಕಿ ಅಳುತ್ತಾರೆ. ಅಳುತ್ತಿರುವುದನ್ನು ಯಾರೂ ನಿಲ್ಲಿಸಲು ಬರುವುದಿಲ್ಲ.

“ಯಂತ್ರ ಯಾಕೆ ಹೊತ್ಕೊಂಡು ಬಂದೆ ಮತ್ತೆ? ಹಾಕು,” ಎನ್ನುತ್ತಾರೆ ಹಿಸಾನೊ. “ನೀನು ಕೇಳು. ನಾನು ನಿನ್ನ ಮುಖ ನೋಡ್ತೀನಿ.”

ಮಿಯೆ ಮುಖ ಒರೆಸಿಕೊಂಡು ಮುಳ್ಳು ಇಳಿಸುತ್ತಾರೆ. ತೊಮೆಜಿಯ ದನಿ ಷೆಡ್ಡಿನ ತಗಡಿನ ಸೂರಿಗೆ ತಾಗಿ ಇಳಿಯುತ್ತದೆ. ಕೆಣಕಿದ್ದ ಆ ಹೆಂಗಸು ಚಿಕ್ಕಂದಿನಲ್ಲಿ ಅಡುಗೆಮನೆಯಲ್ಲಿ ಕೇಳಿದ್ದು ನೆನಪಾಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಾಳೆ. ಐದೂ ಜನ ಕೇಳುತ್ತಿದ್ದಾರೆ. ಕೇಳಬೇಕಾದ ಒಬ್ಬಾಕೆ ಮಾತ್ರ ಕೇಳದೆ, ರೆಪ್ಪೆ ಮುಚ್ಚದೆ, ಮಿಯೆಯ ಮುಖವನ್ನೇ ನೋಡುತ್ತಿದ್ದಾರೆ. ಮೂವತ್ತೆಂಟು ವರ್ಷ ಹಾಡುಗಳ ನಡುವೆಯೇ ಬದುಕಿದ ಮಿಯೆ ಇಷ್ಟು ಕಿವಿಗೊಟ್ಟು ಯಾವ ಹಾಡನ್ನೂ ಕೇಳಿದವರಲ್ಲ. ಮೊದಲ ಚರಣ ಮುಗಿಯುತ್ತದೆ. ಅಕಾರ್ಡಿಯನ್ ನುಡಿಯುತ್ತದೆ. ಎರಡನೆಯದು ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ಮಿಯೆಯ ಹುಬ್ಬು ಮೇಲೇರುತ್ತದೆ.

ಹಿಸಾನೊ ಮುಂದಕ್ಕೆ ಬಾಗುತ್ತಾರೆ. “ಕೆಮ್ಮಿದ್ನಾ?”

ಮಿಯೆ ತಲೆಯಾಡಿಸಿ ಹೌದೆನ್ನುತ್ತಾರೆ.

“ಒಂದ್ಸಲವೋ, ಎರಡ್ಸಲವೋ?”

ಮಿಯೆ ಎರಡು ಬೆರಳು ಎತ್ತುತ್ತಾರೆ.

“ಸುರಂಗದ ಧೂಳು,” ಎನ್ನುತ್ತಾರೆ ಹಿಸಾನೊ. “ಇನ್ನೊಂದ್ಸಲ ಹಾಡ್ತೀನಿ ಅಂದ್ನಂತೆ, ಅಂಗಡಿಯೋರು ಬಿಡಲಿಲ್ವಂತೆ.” ಆಕೆಯ ಒದ್ದೆ ಬೆರಳುಗಳು ಮಿಯೆಯ ಮೊಣಕೈಯನ್ನು ಹಿಡಿದುಕೊಳ್ಳುತ್ತವೆ. “ಹಂಗಾದ್ರೆ ಅವನೇ. ನಾನು ಕಟ್ಕೊಂಡಿದ್ದಲ್ಲ.”

ಹಾಡು ಮುಗಿಯುತ್ತದೆ. ಮುಗಿದದ್ದು ಹಿಸಾನೊಗೆ ಗೊತ್ತಾಗುವುದು ಮಿಯೆಯ ಮುಖದಿಂದ. ಹಿಡಿದ ಮೊಣಕೈಯನ್ನು ಆಕೆ ಬಿಡುವುದಿಲ್ಲ.

“ಇನ್ನೊಂದ್ಸಲ ಕೇಳು.”